ಒಣಗಲು ಇಟ್ಟ ಗೋಡೆ

ಆ ಊರಿನಲ್ಲಿ ಯಾವುದೂ ಮೊದಲೇ ದೊಡ್ಡದಾಗಿ ಇರುವಂತಿರಲಿಲ್ಲ. ಮನೆಯಾಗಲಿ, ದನದ ಕೊಟ್ಟಿಗೆಯಾಗಲಿ, ಮೊದಲು ಚಾವಡಿಯ ಮೇಜಿನ ಮೇಲೆ ಬೆರಳುದ್ದಕ್ಕೆ ನಿಲ್ಲಬೇಕು. ಆಮೇಲೆ ಊರಿನಲ್ಲಿ ಆಳೆತ್ತರಕ್ಕೆ ನಿಲ್ಲಬಹುದು. ಮೇಜಿನ ಮೇಲೆ ಇರುವುದೆಲ್ಲ ಊರಿನಲ್ಲಿ ಇರಬೇಕು. ಮೇಜಿನ ಮೇಲೆ ಇಲ್ಲದ್ದು ಊರಿನಲ್ಲಿ ಇರಬಾರದು. ಈ ಕಟ್ಟಳೆ ಯಾರು ಮಾಡಿದರು ಎಂದು ಕೇಳಿದರೆ ಮೇಜು ಮಾಡಿತು ಎನ್ನುತ್ತಿದ್ದರು. ಮೇಜನ್ನು ಯಾರು ಮಾಡಿದರು ಎಂದು ಕೇಳಿದರೆ, ಬಡಗಿ ಎಂದು ಯಾರೂ ಹೇಳುತ್ತಿರಲಿಲ್ಲ.

ಮೇಜಿನ ಮೇಲಿನ ಚಿಕ್ಕ ಊರಿಗೆ ಗೋಡೆ ಎರೆದು ಕೊಡುವವಳು ಒಬ್ಬಳೇ. ಎರಕದವಳು ಎಂದೇ ಅವಳ ಹೆಸರು. ಗಂಡ ಸತ್ತಿದ್ದ. ಒಬ್ಬಳೇ ಮಗಳನ್ನು ನೇಕಾರರ ಬೀದಿಗೆ ಕೊಟ್ಟಿದ್ದಳು. ಚಾವಡಿಯ ಪಕ್ಕದ ಕೋಣೆಯಲ್ಲಿ ಅವಳ ಕೆಲಸ, ಅದರಾಚೆಗೆ ಅವಳ ಮನೆ.

ಕೆಲಸ ನೋಡಲು ಸುಲಭ. ಗಾಜಿನ ಮೇಲೆ ಎಣ್ಣೆ ಕೈ ಸವರಿ, ಸುತ್ತ ಮರದ ಪಟ್ಟಿ ಇಟ್ಟು ಕಟ್ಟೆ ಮಾಡುವುದು. ಬೋಗುಣಿಯ ನೀರಿಗೆ ಪ್ಲಾಸ್ಟರ್ ಪುಡಿಯನ್ನು ಮುಷ್ಟಿಯಿಂದ ಉದುರಿಸುವುದು. ಪುಡಿ ನೀರಿನ ಮೇಲೆ ದಿಬ್ಬವಾಗಿ ನಿಂತು, ನೆನೆದು, ತಾನಾಗಿ ಮುಳುಗುವವರೆಗೆ ಕೈ ಹಾಕದೆ ಕಾಯುವುದು. ಗುಳ್ಳೆ ಏಳದಂತೆ ಕಲಸಿ, ದೋಸೆಹಿಟ್ಟಿನ ಹದ ಬಂದಾಗ ಗಾಜಿನ ಮೇಲೆ ಹೊಯ್ದು, ಪಟ್ಟಿಯಿಂದ ಎಳೆದು ಸಮ ಮಾಡುವುದು. ಸ್ವಲ್ಪ ಹೊತ್ತಿಗೆ ಹಾಳೆ ತನ್ನಷ್ಟಕ್ಕೆ ಬೆಚ್ಚಗಾಗುತ್ತದೆ, ಜ್ವರ ಬಂದ ಮಗುವಿನ ಹಣೆಯಂತೆ. ಬೆಚ್ಚಗಾಯಿತೆಂದರೆ ಮುಗಿಯಿತು, ಆಮೇಲೆ ನೀರು ಸೇರಿಸುವಂತಿಲ್ಲ, ತಿದ್ದುವಂತಿಲ್ಲ. ತಣಿದ ಮೇಲೆ ಗಾಜಿನಿಂದ ಜಾರಿಸಿ ತೆಗೆದು, ಎರಡು ಮುಖಕ್ಕೂ ಗಾಳಿಯಾಡುವಂತೆ ಎಲ್ಲಿಗಾದರೂ ಒರಗಿಸಬೇಕು. ಮಲಗಿಸಿದರೆ ಬಾಗುತ್ತದೆ. ಒಣಗಿದ್ದನ್ನು ಕತ್ತರಿಸಿ, ದಬ್ಬಳದಿಂದ ಇಟ್ಟಿಗೆಯ ಗೆರೆ ಕೊರೆದರೆ ಗೋಡೆ. ಕೊರೆಯುವ ತನಕ ಅದು ಹಾಳೆ. ಈ ಕೊನೆಯ ವಿಷಯ ಅವಳಿಗೆ ಗೊತ್ತಿತ್ತು. ಊರು ಎಂದೂ ಕೇಳಿರಲಿಲ್ಲ.

ದಿನವೂ ಮಧ್ಯಾಹ್ನ ಮೇಜಿನ ಯಜಮಾನ ಗಂಟೆ ಬಾರಿಸಿ ಚಾವಡಿಯ ಪರದೆ ಸರಿಸುತ್ತಿದ್ದ. ಇದಕ್ಕೆ ದರ್ಶನ ಎಂದು ಹೆಸರು. ಜನ ಬರಿಗಾಲಲ್ಲಿ ಮೇಜಿನ ಸುತ್ತ ನಡೆದು ತಂತಮ್ಮ ಮನೆ ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಇದ್ದರೆ ಸಮಾಧಾನಪಟ್ಟು, ಪಕ್ಕದವನ ಮನೆ ಒಂದೆಳೆ ಈಚೆಗೆ ಸರಿದಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ದರ್ಶನದಲ್ಲಿ ಕಂಡದ್ದು ಕಂಡದ್ದೇ. ಅಂದಿನಿಂದ ಅದು ಊರು.

ಒಂದು ದಿನ ಎರಕದವಳ ಕೋಣೆಯ ಗೂಡುಗಳೆಲ್ಲ ಹೊಸ ಸಂತೆಪೇಟೆಯ ಹಾಳೆಗಳಿಂದ ತುಂಬಿದ್ದವು. ಕೈಯಲ್ಲಿ ಇನ್ನೊಂದು ಹಸಿ ಹಾಳೆ ಉಳಿಯಿತು. ಚಾವಡಿಯ ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು, ದರ್ಶನಕ್ಕೆ ಇನ್ನೂ ಹೊತ್ತಿತ್ತು. ಹಾಳೆಯನ್ನು ಮೇಜಿನ ಮೇಲೆ ಒಂದು ಮನೆಗೆ ಒರಗಿಸಿಟ್ಟು, ಬೋಗುಣಿ ತೊಳೆಯಲು ಹಿತ್ತಿಲಿಗೆ ಹೋದಳು. ಆಗಲೇ ತೊಳೆಯದಿದ್ದರೆ ಹಳೆಯ ಪುಡಿ ಹೊಸ ಹಿಟ್ಟನ್ನು ಕೆಡಿಸುತ್ತದೆ.

ಮೇಜಿನ ಯಜಮಾನನಿಗೆ ಅಂದು ಮದುವೆ ಊಟವಿತ್ತು. ಮೊದಲ ಪಂಕ್ತಿ ತಪ್ಪಿಸಿಕೊಳ್ಳಲು ಮನಸ್ಸಾಗದೆ ಗಂಟೆಯನ್ನು ಬೇಗ ಬಾರಿಸಿದ.

ಅವಳು ಒದ್ದೆ ಕೈಯಲ್ಲಿ ಓಡಿ ಬಂದಾಗ ಜನ ಮೇಜಿನ ಸುತ್ತ ನಿಂತುಬಿಟ್ಟಿದ್ದರು. ಬೆರಳುದ್ದದ ಮನೆಗಳ ನಡುವೆ ಗೇಣೆತ್ತರದ ಬಿಳಿ ಗೋಡೆಯೊಂದು ಎದ್ದಿತ್ತು. ಬಾಗಿಲಿಲ್ಲ, ಕಿಟಕಿಯಿಲ್ಲ. ನೆಟ್ಟಗೂ ಇಲ್ಲ. ನೇಕಾರರ ಬೀದಿಯ ತುದಿಮನೆಯ ಮೇಲೆ ಒರಗಿತ್ತು.

"ಅಯ್ಯೋ, ಅದು ನಂದು," ಎಂದಳು. "ಒಣಗಲಿ ಅಂತ ಇಟ್ಟಿದ್ದೆ. ಸ್ವಲ್ಪ ದಾರಿ ಬಿಡಿ, ತೆಗೀತೀನಿ."

ಯಜಮಾನ ಬೆತ್ತ ಅಡ್ಡ ಹಿಡಿದ. ಹೆಗಲ ಮೇಲೆ ಮದುವೆಯ ಜರಿ ಶಲ್ಯವಿತ್ತು.

"ಕಂಡಾಯ್ತಲ್ಲಮ್ಮ."

"ಏನು ಕಂಡಾಯ್ತು? ಹಸಿ ಹಾಳೆ ಅದು."

"ಊರೆಲ್ಲ ಕಂಡಿದೆ. ಇನ್ನು ಅದು ಗೋಡೆ."

"ಮುಟ್ಟಿ ನೋಡಿ ಯಜಮಾನರೇ, ಇನ್ನೂ ಒದ್ದೆ ಇದೆ."

"ಕಂಡದ್ದನ್ನ ಮುಟ್ಟೋ ಪದ್ಧತಿ ಇಲ್ಲ."

ಹಿಂದಿನಿಂದ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ತುದಿಮನೆ ಅಂದ್ರೆ ಇವಳ ಮಗಳ ಮನೆ ಅಲ್ವೇನೇ?" ಎಂದಳು.

ಎರಕದವಳು ಆಗ ನೋಡಿದಳು. ಹೌದು, ಮಗಳ ಮನೆ. ಇಡುವಾಗ ಅದು ಯಾರ ಮನೆಯೂ ಆಗಿರಲಿಲ್ಲ, ಬರೀ ಆನಿಕೆ. ತಾನೇ ದಪ್ಪಗೆ ಎರೆದ ಗೋಡೆ, ಭಾರ ತಡೆಯುತ್ತದೆ ಎಂದು ಕೈಗೆ ಗೊತ್ತಿತ್ತು, ಕೈ ಅಲ್ಲಿ ಇಟ್ಟಿತ್ತು.

ಯಜಮಾನ ಪರದೆ ಎಳೆದು ಇಬ್ಬರನ್ನು ಕಾವಲಿಗೆ ನಿಲ್ಲಿಸಿ ಹೊರಟ. ಎರಡನೆಯ ಪಂಕ್ತಿಯಲ್ಲಿ ಊಟ ಮಾಡಿದನಂತೆ. ಸಾರು ತಣ್ಣಗಿತ್ತು ಎಂದು ಬಹಳ ಕಾಲ ಹೇಳಿಕೊಂಡ.

ಮರುದಿನ ನೇಕಾರರ ಬೀದಿಯಲ್ಲಿ ಪಾಯ ತೋಡಿದರು. ಗೋಡೆ ಬೀದಿಯ ಉದ್ದಕ್ಕೆ ಬರಬೇಕು, ಮೂರು ಮನೆಯೆತ್ತರ ಏಳಬೇಕು, ತುದಿಮನೆಯ ಮೇಲೆ ಒರಗಬೇಕು. ಗಾರೆಯವನು ತಲೆ ಕೆರೆದುಕೊಂಡ.

"ಸ್ವಾಮಿ, ಒರಗಿದ ಗೋಡೆ ಕಟ್ಟೋದು ಹೇಗೆ?"

"ಒರಗಿಸಿ ಕಟ್ಟು," ಎಂದ ಯಜಮಾನ.

"ಬಿದಿರು ಆನಿಸಿ ಕಟ್ಟಬಹುದು. ಬಿದಿರು ತೆಗೆದ ದಿನ ಇಡೀ ಗೋಡೆ ಆ ಮನೆ ಮೇಲೆ ಕೂತ್ಕೊಳುತ್ತೆ."

"ಮೇಜಿನ ಮೇಲೆ ಬಿದಿರು ಇದೆಯಾ?"

"ಇಲ್ಲ."

"ಹಾಗಾದ್ರೆ ಕೆಲಸ ಮುಗಿದ ದಿನ ತೆಗೀಬೇಕು. ಇದರಲ್ಲಿ ಕೇಳೋದೇನಿದೆ?"

ಮೇಜಿನ ಮೇಲೆ ಆ ಮನೆ ಕುಸಿದಿಲ್ಲವಲ್ಲ, ಇಲ್ಲೂ ಕುಸಿಯುವುದಿಲ್ಲ ಎಂದು ಊರು ಧೈರ್ಯ ಹೇಳಿಕೊಂಡಿತು. ಪ್ಲಾಸ್ಟರ್ ಹಾಳೆಯ ತೂಕ ಬೇರೆ, ಇಟ್ಟಿಗೆಯ ತೂಕ ಬೇರೆ ಎಂದು ಗಾರೆಯವನು ಒಮ್ಮೆ ಗೊಣಗಿ ಸುಮ್ಮನಾದ. ಅವನ ಮನೆಯೂ ಮೇಜಿನ ಮೇಲಿತ್ತು.

ಗೋಡೆ ಏಳುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ಎರಕದವಳ ಬಾಗಿಲಿಗೆ ಬಂದರು. ಗೋಡೆಯ ಬಗ್ಗೆ ಅವರ ತಕರಾರಿರಲಿಲ್ಲ. ಯಾಕೆ ಎಂದು ತಿಳಿಯಬೇಕಿತ್ತು.

ಮೊದಲು ಬಂದವಳು ಗಾಣದವಳು. ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದಳು. "ನನ್ನ ಹತ್ರ ಹೇಳು ಮಾರಾಯ್ತಿ. ಆ ಕಡೆಯೋರನ್ನ ಈ ಕಡೆಯೋರಿಂದ ಬೇರೆ ಮಾಡೋಕೆ ತಾನೆ?"

"ಒಣಗೋಕೆ ಕಣೇ."

"ಊರಿಗೆ ಹೇಳೋದನ್ನೇ ನನಗೂ ಹೇಳ್ತೀಯಲ್ಲ." ಗಾಣದವಳು ಸೆರಗು ಕೊಡವಿ ಎದ್ದಳು. "ಇಷ್ಟು ವರ್ಷ ನಿನ್ನ ಮನೆ ಒಗ್ಗರಣೆ ನನ್ನ ಎಣ್ಣೇಲೇ ಆಗಿದ್ದು. ಇರಲಿ ಬಿಡು."

ಆಮೇಲೆ ಬಣ್ಣಗಾರ ಬಂದ. ನೂಲಿಗೆ ಬಣ್ಣ ಹಾಕಿ ಬೀದಿಯಲ್ಲಿ ಒಣಹಾಕುವವನು. "ನನ್ನ ನೂಲಿಗೆ ಬಿಸಿಲು ತಪ್ಪಿಸಿದೆಯಲ್ಲಕ್ಕ. ಅವತ್ತು ನಿನ್ನ ಸೀರೆ ಬಣ್ಣ ಬಿಟ್ಟಿದ್ದಕ್ಕೆ ಇಷ್ಟು ದಿನ ಕಾದಿದ್ದೆ, ಅಲ್ವಾ?"

"ಯಾವ ಸೀರೆ? ನನಗೆ ನೆನಪೇ ಇಲ್ಲ."

"ನೆನಪಿಲ್ಲ ಅನ್ನೋರನ್ನೇ ನಂಬಬಾರದು," ಎಂದು ಅವನು ಅಂಗಳದಲ್ಲಿದ್ದವರಿಗೆ ಹೇಳಿದ.

ಮೇಜನ್ನು ನಂಬದವನು ಊರಿಗೆಲ್ಲ ಒಬ್ಬನೇ, ಶಾಲೆಯ ಮೇಷ್ಟ್ರು. ಅವನು ಬಂದಾಗ ಎರಕದವಳಿಗೆ ಜೀವ ಬಂದಂತಾಯಿತು. ಮಣೆ ಹಾಕಿ, ಮಜ್ಜಿಗೆ ಕೊಟ್ಟಳು.

"ಮೇಜು ಗೀಜು ಎಲ್ಲ ಬೊಗಳೆ," ಎಂದು ಮೇಷ್ಟ್ರು ಮಜ್ಜಿಗೆ ಕುಡಿದ. "ನಾನು ಕೇಳೋದು ಒಂದೇ. ನಿಮ್ಮ ಕೈಲಿ ಇಡಿಸಿದ್ದು ಯಾರು?"

"ಯಾರೂ ಇಡಿಸಲಿಲ್ಲ ಮೇಷ್ಟ್ರೇ. ಗೂಡಲ್ಲಿ ಜಾಗ ಇರಲಿಲ್ಲ."

"ಗೂಡು ತುಂಬಿದ್ದು ಯಾಕೆ? ಸಂತೆಪೇಟೆ ಹಾಳೆಯಿಂದ. ಸಂತೆಪೇಟೆ ಬೇಕು ಅಂದೋರು ಯಾರು? ಯಜಮಾನರು. ಗಂಟೆ ಬೇಗ ಹೊಡೆದೋರು ಯಾರು?" ಮೇಷ್ಟ್ರು ಲೋಟ ಕೆಳಗಿಟ್ಟ. "ಯೋಚನೆ ಮಾಡಿ. ನಿಮಗೇ ಗೊತ್ತಿಲ್ಲದ ಹಾಗೆ ನೀವು ಇದರಲ್ಲಿ ಸೇರಿದೀರಿ."

ಅವನು ಹೋದ ಮೇಲೆ ಅವಳು ನಿಜವಾಗಿಯೂ ಯೋಚನೆ ಮಾಡಿದಳು. ಯಜಮಾನನಿಗೆ ಅಂದು ಮದುವೆ ಇತ್ತೇ? ಮದುವೆ ಯಾರದು? ಗಾರೆಯವನಿಗೆ ಇಷ್ಟು ದೊಡ್ಡ ಕೆಲಸ ಎಂದೂ ಸಿಕ್ಕಿರಲಿಲ್ಲವಲ್ಲ? ಗಾಣದವಳು ಎಲ್ಲರಿಗಿಂತ ಮೊದಲೇ ಓಡಿ ಬಂದದ್ದು ಏಕೆ? ಸಂಜೆಯ ಹೊತ್ತಿಗೆ ಊರಿನಲ್ಲಿ ಅವಳು ಸಂಶಯಪಡದ ಮನುಷ್ಯರೇ ಉಳಿಯಲಿಲ್ಲ. ಆ ಮಟ್ಟಿಗೆ ಅವಳೂ ಆ ಊರಿನವಳೇ.

ಗೋಡೆ ಸೂರಿನೆತ್ತರ ದಾಟಿದಾಗ ಮಗಳ ಮನೆಗೆ ಹೋದಳು. ಅಂಗಳದಲ್ಲಿ ಬಿಸಿಲು ಉಳಿದಿರಲಿಲ್ಲ. ಅಳಿಯ ಮಗ್ಗದಲ್ಲಿ ಕೂತಿದ್ದ. ಹಾಸುನೂಲಿನ ಮೇಲೆ ಗಾರೆಯ ಧೂಳು ಬೀಳುತ್ತಿತ್ತು, ಆಗಾಗ ಊದಿ ಮತ್ತೆ ಲಾಳಿ ಎಸೆಯುತ್ತಿದ್ದ. ಮಗಳು ಎಳೆಗೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು.

"ಈ ಮನೆ ಬಿಟ್ಟುಬಿಡಿ. ನಮ್ಮ ಮನೆಗೆ ಬನ್ನಿ," ಎಂದಳು ಎರಕದವಳು.

"ಹೇಗೆ ಬರೋದು ಅತ್ತೆ?" ಅಳಿಯ ನಕ್ಕ. "ಮೇಜಿನ ಮೇಲಿರೋ ಮನೆ ಬಿಟ್ಟೋರನ್ನ ಯಾವ ಮನೇಲೂ ಇಟ್ಕೊಳ್ಳೋ ಹಾಗಿಲ್ಲ. ಇಟ್ಕೊಂಡ್ರೆ ನಿಮ್ಮ ಮನೇನೂ ಹೋಗುತ್ತೆ. ಇಷ್ಟಕ್ಕೂ ಯಾಕೆ ಬಿಡಬೇಕು? ಇಷ್ಟೆತ್ತರದ ಗೋಡೆ ಈ ಊರಲ್ಲಿ ಇನ್ಯಾರ ಮನೆಗಿದೆ ಹೇಳಿ. ನಿನ್ನೆ ಮೊನ್ನೆವರೆಗೆ ನನ್ನ ಮಾತಾಡಿಸದೋರು ಇವತ್ತು ನಿಂತು ಮಾತಾಡಿಸ್ತಾರೆ."

"ಬಿದ್ದರೆ?"

"ಬೀಳೋದಾಗಿದ್ರೆ ಮೇಜಿನ ಮೇಲೆ ಬೀಳ್ತಿತ್ತು."

ಅವನು ನೀರು ಕುಡಿಯಲು ಒಳಗೆ ಹೋದಾಗ ಮಗಳು ತಲೆಯೆತ್ತಿದಳು.

"ಅಮ್ಮ, ನಿಜ ಹೇಳು. ಒಣಗೋಕೇ ಇಟ್ಟಿದ್ದಾ?"

"ಒಣಗೋಕೇ ಕಣೇ."

"ಅಷ್ಟೇ ಸಾಕು," ಎಂದಳು ಮಗಳು. "ಬೀದೀಲಿ ಏನೇನೋ ಅಂತಾರೆ. ನೀನು ಒಣಗೋಕೆ ಅಂದ್ರೆ ಒಣಗೋಕೆ." ಆಮೇಲೆ ಕೂಸಿಗೆ ಹೇಳುವವಳಂತೆ, "ನಿಮ್ಮಜ್ಜಿಗೆ ಮರೆವು ಜಾಸ್ತಿ, ಅಲ್ವೇನೋ?" ಎಂದಳು.

ಇಡೀ ಊರಿನಲ್ಲಿ ನಂಬಿದವಳು ಅವಳೊಬ್ಬಳೇ. ಗೋಡೆ ಬೀಳುವುದೂ ಅವಳ ಮೇಲೆಯೇ.

ಹೊರಗೆ ಗಾರೆಯವನು ಗಾರೆ ಕಲಸುತ್ತಿದ್ದ. ಯಾವಾಗ ಮುಗಿಯುತ್ತದೆ ಎಂದು ಕೇಳಿದಳು.

"ನಾಡಿದ್ದು ಬಿದಿರು ಬಿಚ್ಚೋದು ಅಕ್ಕ. ಆ ಹೊತ್ತಿಗಾದ್ರೂ ಮಗೂನ ಆಚೆ ತಗೊಂಡು ನಿಂತ್ಕೊಳ್ಳಿ ಅಂದೆ. 'ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ' ಅಂತ ನಿಮ್ಮ ಅಳಿಯ ನನಗೇ ಬೈದ."

ಅವಳು ಅಲ್ಲಿಂದ ನೇರ ಯಜಮಾನನ ಜಗಲಿಗೆ ಹೋದಳು. ಅವನು ಎಲೆಗೆ ಸುಣ್ಣ ಸವರುತ್ತಿದ್ದ.

"ಯಜಮಾನರೇ, ತಪ್ಪಾಯ್ತು. ಅಲ್ಲಿ ಇಡಬಾರದಿತ್ತು. ಏನು ದಂಡ ಹಾಕಿದ್ರೂ ಸರಿ, ಅದನ್ನ ತೆಗೆಸಿ."

"ತಪ್ಪಿಗೆ ದಾರಿ ಇಲ್ಲಮ್ಮ," ಎಂದ ಅವನು, ಕೆಟ್ಟ ಮನಸ್ಸಿನಿಂದಲ್ಲ. "ಮೇಜಿನ ಮೇಲೆ ತಪ್ಪಾಗುತ್ತೆ ಅಂತ ಒಂದು ಸಲ ಒಪ್ಕೊಂಡ್ರೆ ಮುಗೀತು. ನನ್ನ ಮನೆ ತಪ್ಪಾಗಿ ಚಿಕ್ಕದಾಗಿದೆ, ಅವನ ಮನೆ ತಪ್ಪಾಗಿ ಮೂಲೆಗೆ ಬಂದಿದೆ ಅಂತ ನಾಳೆ ಎಲ್ಲರೂ ಬರ್ತಾರೆ. ನಾನು ಯಾರಿಗೆ ಅಂತ ಉತ್ತರ ಕೊಡಲಿ?" ಎಲೆ ಮಡಚಿ ಬಾಯಿಗಿಟ್ಟ. "ಕೇಡಿಗೆ ದಾರಿ ಇದೆ."

"ಕೇಡಿಗಾ?"

"ಹೂಂ. ಬೇಕೂಂತ, ಒಬ್ಬರಿಗೆ ಕೇಡಾಗ್ಲಿ ಅಂತ ಇಟ್ಟಿದ್ರೆ, ಮೇಜು ಮುಟ್ಟಿ ಕಾರಣ ಹೇಳ್ಬೇಕು. ಹೇಳಿದ್ರೆ ಇಟ್ಟದ್ದನ್ನ ತೆಗೀತೀವಿ. ಅದರ ಜೊತೆ ಇಟ್ಟೋರ ಮನೇನೂ ತೆಗೀತೀವಿ. ಆಮೇಲೆ ಅವರು ಈ ಊರಿನೋರಲ್ಲ."

"ಕಾರಣ ಇಲ್ಲದಿದ್ರೆ?"

ಯಜಮಾನ ಅವಳನ್ನು ಕನಿಕರದಿಂದ ನೋಡಿದ. "ಕಾರಣ ಇಲ್ಲದೆ ಇರುತ್ತೇನಮ್ಮ?"

ಮರುದಿನ ದರ್ಶನದ ಗಂಟೆ ಸರಿಯಾದ ಹೊತ್ತಿಗೇ ಮೊಳಗಿತು. ಎರಕದವಳು ಎಲ್ಲರಿಗಿಂತ ಮುಂದೆ ಹೋಗಿ ಮೇಜಿನ ಅಂಚಿನ ಮೇಲೆ ಅಂಗೈಯಿಟ್ಟಳು. ಹಾಳೆ ಅಲ್ಲೇ ಇತ್ತು. ಚೆನ್ನಾಗಿ ಒಣಗಿತ್ತು.

"ಕೇಡಿಗೇ ಇಟ್ಟೆ," ಎಂದಳು.

ಚಾವಡಿಯಲ್ಲಿ ಒಂದು ಉಸಿರು ಹಗುರವಾಯಿತು. ಯಾರೂ ಬೈಯಲಿಲ್ಲ. ಇಷ್ಟು ದಿನದ ನಂತರ ಅವಳು ಅರ್ಥವಾಗುವ ಮಾತಾಡಿದ್ದಳು.

"ಯಾರಿಗೆ?" ಎಂದ ಯಜಮಾನ.

"ಅಳಿಯನಿಗೆ."

"ಯಾಕೆ?"

ಅವಳು ಅಷ್ಟು ದೂರ ಯೋಚಿಸಿರಲಿಲ್ಲ. "ನಾಮಕರಣದ ದಿನ ನನಗೆ ತುಪ್ಪ ಬಡಿಸಲಿಲ್ಲ," ಎಂದಳು.

"ಥೂ," ಎಂದಳು ಗಾಣದವಳು. "ಇಷ್ಟಕ್ಕಾ?" ಬಣ್ಣಗಾರ ಬೇಡವೆಂಬಂತೆ ತಲೆಯಾಡಿಸಿದ. ಯಾರೋ ನಕ್ಕರು. ಅಳಿಯ ಮುಂದೆ ಬಂದು, "ಬಡಿಸಿದ್ದೆ ಯಜಮಾನರೇ, ಎರಡು ಸಲ ಬಡಿಸಿದ್ದೆ," ಎಂದು ಸಾಕ್ಷಿ ಹುಡುಕತೊಡಗಿದ.

"ಸಾಲದಮ್ಮ," ಎಂದ ಯಜಮಾನ. "ಗೋಡೆ ಇಷ್ಟೆತ್ತರ ಇದೆ."

ಗುಂಪಿನ ಅಂಚಿನಲ್ಲಿ ಮಗಳು ನಿಂತಿದ್ದಳು, ಕೂಸು ಹೆಗಲ ಮೇಲೆ. ಅಮ್ಮ ಸುಳ್ಳು ಹೇಳುತ್ತಿದ್ದಾಳೆ ಎಂದು ಅವಳಿಗೆ ತಿಳಿದಿತ್ತು. ಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಎರಕದವಳು ಆ ಕಡೆಯಿಂದ ಮುಖ ತಿರುಗಿಸಿ ಹಾಳೆಯನ್ನು ನೋಡುತ್ತ ಮಾತಾಡಿದಳು.

"ಅಳಿಯನಿಗಲ್ಲ. ಮಗಳಿಗೆ."

ಯಾರೂ ನಗಲಿಲ್ಲ.

"ಗಂಡ ಸತ್ತಾಗ ಇವಳು ಇಷ್ಟಿದ್ಲು. ನನ್ನ ಸೆರಗು ಹಿಡ್ಕೊಂಡೇ ಹಿಟ್ಟು ಕಲಸೋದು ನೋಡ್ತಿದ್ಲು. ಬೆಳೆಸಿದೆ, ಕೊಟ್ಟೆ. ಕೊಟ್ಟ ಮೇಲೂ ದಿನಾ ಬರ್ತಿದ್ಲು. ತಲೆ ಎರ್ಕೊಳ್ಳೋಕೆ ನನ್ನ ಮನೆಗೇ ಬರ್ತಿದ್ಲು, ನಾನೇ ಸೀಗೆ ಹಾಕಿ ಉಜ್ಜಬೇಕಿತ್ತು. ಆಮೇಲೆ ಆ ಮಗು ಹುಟ್ತು."

ಹೇಳುತ್ತ ಹೇಳುತ್ತ ಅವಳಿಗೆ ಒಂದು ಗೊತ್ತಾಯಿತು. ಸುಳ್ಳು ಬೆಚ್ಚಗಾಗುತ್ತಿತ್ತು. ನೀರಿನಂತಿದ್ದ ಮಾತು ಒಳಗಿನಿಂದ ಕಾವು ಏರಿ ಬಿಗಿಯುತ್ತಿತ್ತು. ಇನ್ನು ತಿದ್ದಲು ಆಗುವುದಿಲ್ಲ ಎಂದು ಅವಳ ಕೈ ಅವಳಿಗಿಂತ ಮೊದಲೇ ತಿಳಿಯಿತು.

"ಮಗು ಹುಟ್ಟಿದ ಮೇಲೆ ಒಂದು ದಿನಾನೂ ಬರಲಿಲ್ಲ. ನಾನೇ ಹೋದ್ರೆ, ಶ್, ಮಲಗಿದೆ, ಮೆಲ್ಲಗೆ ಮಾತಾಡು ಅಂತಾಳೆ. ನನ್ನ ಮಗಳನ್ನ ಆ ಮಗು ತಿಂದ್ಹಾಕ್ತು. ಆ ಮನೆ ಇಲ್ಲದಿದ್ರೆ, ಅದರೊಳಗಿರೋದು ಇಲ್ಲದಿದ್ರೆ, ಇವಳು ನನ್ನ ಮನೆಗೆ ಬರ್ತಾಳೆ ಅಂತ ಇಟ್ಟೆ."

ಗಾಣದವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇದು ನಿಜ," ಎಂದಳು. ಬಣ್ಣಗಾರ ಒಪ್ಪಿದ. ಮೇಷ್ಟ್ರು ಕೂಡ, ಮೇಜಿನ ಮಾತು ಬೇರೆ, ಮನಸ್ಸಿನ ಮಾತು ಬೇರೆ, ತನಗೆ ಮೊದಲಿಂದಲೂ ಇದೇ ಅನುಮಾನವಿತ್ತು ಎಂದ.

ಯಜಮಾನ ಎರಡು ಕೈಯಿಂದ ಹಾಳೆಯನ್ನು ಎತ್ತಿದ. ಅದು ಎಷ್ಟು ಹಗುರ ಎಂದು ಅವನ ಮುಖದಲ್ಲಿ ಒಂದು ಕ್ಷಣ ಕಂಡಿತು. ಆಮೇಲೆ ಚಾವಡಿಯ ಪಕ್ಕದ ಚಿಕ್ಕ ಮನೆಯನ್ನೂ ಎತ್ತಿದ, ಅವಳದು. ಎರಡನ್ನೂ ಒರಳಿಗೆ ಹಾಕಿ ಕುಟ್ಟಿದರು. ಆ ಪುಡಿಯನ್ನು ಮತ್ತೆ ನೀರಿಗೆ ಹಾಕಿದರೆ ಕೆಸರಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಊರಾಚೆಯ ಹಳ್ಳಕ್ಕೆ ಚೆಲ್ಲಿದರು.

ನೇಕಾರರ ಬೀದಿಯಲ್ಲಿ ಗಾರೆಯವನು ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಚ್ಚತೊಡಗಿದ. ಹೊತ್ತು ಮುಳುಗುವ ಮೊದಲೇ ತುದಿಮನೆಯ ಹೆಂಚಿನ ಮೇಲೆ ಬಿಸಿಲು ಬಿತ್ತು.

ಎರಕದವಳು ಒಂದು ಗಂಟಿನಲ್ಲಿ ಎರಡು ಸೀರೆ, ಬೋಗುಣಿ, ದಬ್ಬಳ ಕಟ್ಟಿಕೊಂಡು ಊರ ಗಡಿಯ ಕಲ್ಲಿನ ಹತ್ತಿರ ಬಂದಾಗ ಅಳಿಯನೂ ಮಗಳೂ ಕಾದಿದ್ದರು. ಅಳಿಯ ಹೊಸ ಮರ್ಯಾದೆಯಿಂದ ಗಂಟು ಇಸಿದುಕೊಂಡು ಕಲ್ಲಿನಾಚೆ ಇಟ್ಟ.

"ನನ್ನ ಮೇಲಲ್ಲ ಅಂದ್ರಲ್ಲ ಅತ್ತೆ, ಅಷ್ಟು ಸಾಕು," ಎಂದ. "ಆದ್ರೂ ತುಪ್ಪದ ಮಾತು ಯಾಕೆ ತೆಗೆದ್ರಿ? ನಾಲ್ಕು ಜನ ಏನಂದ್ಕೊಳ್ತಾರೆ?" ಬೇಸರದಿಂದ ಸ್ವಲ್ಪ ದೂರ ಹೋಗಿ ನಿಂತ.

ಮಗಳು ಬುತ್ತಿ ಕೊಟ್ಟಳು. ಅವಳ ಕಣ್ಣುಗಳು ಊದಿದ್ದವು. ಕೂಸು ಎಚ್ಚರವಾಗಿತ್ತು, ಅಜ್ಜಿಯ ಕಡೆಗೆ ಕೈಚಾಚಿ ಅರ್ಥವಿಲ್ಲದ ಏನನ್ನೋ ಹೇಳುತ್ತಿತ್ತು.

"ಕೇಳೇ ಇಲ್ಲಿ," ಎಂದಳು ಎರಕದವಳು, ಅಳಿಯನಿಗೆ ಕೇಳದಂತೆ. "ಅಲ್ಲಿ ಹೇಳಿದ್ದೆಲ್ಲ ಸುಳ್ಳು. ನಿಮ್ಮನ್ನ ಉಳಿಸೋಕೆ ಹೇಳಿದ್ದು. ಒಣಗೋಕೇ ಇಟ್ಟಿದ್ದು ಕಣೇ."

"ಗೊತ್ತಮ್ಮ," ಎಂದಳು ಮಗಳು. "ನನಗೆ ಗೊತ್ತಿಲ್ವಾ?"

ಹಾಗೆನ್ನುತ್ತಲೇ ಅವಳು ಸೆರಗನ್ನು ಮುಂದಕ್ಕೆ ಎಳೆದು ಮಗುವಿನ ಮುಖ ಮುಚ್ಚಿದಳು.